ಒಂದೇ ಜಾಗ, ಎರಡು ಪಾಳಿ

ಹೊಗಳಿಕೆಯಿಂದ ಹೊಟ್ಟೆ ತುಂಬುವುದಾಗಿದ್ದರೆ, ಬಿಸ್ಕತ್ತು ಕಾರ್ಖಾನೆಯ ಹಿಂದಿನ ಬೀದಿಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಒಲೆ ಹಚ್ಚುವ ಅಗತ್ಯವೇ ಇರುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಮಗುವನ್ನು ಒಂದು ದಿನವೂ ಒಂಟಿಯಾಗಿ ಬಿಟ್ಟಿಲ್ಲ, ಸಂಸಾರವೆಂದರೆ ಹೀಗಿರಬೇಕು ಎಂದು ಇಡೀ ಬೀದಿ ಅವರನ್ನು ಅಟ್ಟಕ್ಕೇರಿಸಿತ್ತು. ಅಟ್ಟದ ಮೇಲೆ ಕೂತವರಿಗೆ ಉಸಿರಾಡಲು ಆಗುತ್ತಿದೆಯೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವಳಿಗೆ ಕಾರ್ಖಾನೆಯಲ್ಲಿ ಎಲ್ಲರೂ ಇಟ್ಟ ಹೆಸರು ಚುರುಕಮ್ಮ. ಓಡುವ ಬೆಲ್ಟಿನ ಮುಂದೆ ಕೂತು ಮುರಿದ ಬಿಸ್ಕತ್ತನ್ನು ಆರಿಸಿ ಬಿಸಾಡುವುದು, ಸರಿಯಾದದ್ದನ್ನು ತಟ್ಟೆಗೆ ಜೋಡಿಸುವುದು ಅವಳ ಕೆಲಸ. ಆ ಬೆಲ್ಟು ಪಾಳಿ ಬದಲಾಗುವಾಗಲೂ ನಿಲ್ಲುವುದಿಲ್ಲ. ಮುಂದಿನ ಪಾಳಿಯವರು ಬಂದು ಕೈ ಹಾಕುವವರೆಗೆ ಹಿಂದಿನವರು ಏಳುವಂತಿಲ್ಲ. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ್ದು ಅವಳ ಗಂಡನದು, ಜಾಗ ಮಾತ್ರ ಒಂದೇ. ಮ್ಯಾನೇಜರು ಇದನ್ನು ತಾನು ಮಾಡಿದ ದೊಡ್ಡ ಉಪಕಾರವೆಂದು ಹೇಳಿಕೊಂಡು ತಿರುಗುತ್ತಿದ್ದ.

ಗಂಡ ಮಗಳು ಪುಟ್ಟಿಯನ್ನು ಕರೆತಂದು ಗೇಟಿನ ಪಕ್ಕದ ಬೆಂಚಿನಲ್ಲಿ ಕೂರಿಸಿ, ಕಾವಲುಗಾರ ತಾತನಿಗೆ ಒಪ್ಪಿಸಿ ಒಳಗೆ ಬರುತ್ತಿದ್ದ. ಹೆಂಡತಿಯ ಕೈಗಳ ಕೆಳಗೆ ತನ್ನ ಕೈ ತೂರಿಸಿ, 'ಬೆಂಚಿನ ಮೇಲಿದ್ದಾಳೆ' ಎನ್ನುತ್ತಿದ್ದ. ಅವಳು 'ಹ್ಞೂಂ' ಎಂದು ಏಳುತ್ತಿದ್ದಳು. ಅವನು ಮನೆಗೆ ಬರುವಾಗ ಅವಳು ಮಲಗಿರುತ್ತಿದ್ದಳು, ಅವಳು ಏಳುವಾಗ ಅವನಿಗೆ ಗಾಢ ನಿದ್ದೆ. ರಜೆಯ ದಿನ ಬಂದರೆ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚುವರಿ ಕೆಲಸ ಗಂಟುಬೀಳುತ್ತಿತ್ತು. ಹೀಗೆ ಆ ಎರಡು ಮಾತಿನಲ್ಲೇ ಅವರ ದಾಂಪತ್ಯ ನಡೆದಿತ್ತು.

ಮೊದಮೊದಲು ಅವಳಿಗೆ ಸುಸ್ತು ಮಾತ್ರ ಇತ್ತು. ಆಮೇಲೆ ಸುಸ್ತಾದರೂ ಕಣ್ಣಿಗೆ ಕಣ್ಣು ಹತ್ತದಾಯಿತು. ಮಲಗಿದರೆ ಬೆರಳುಗಳು ಹೊದಿಕೆಯ ಮೇಲೆ ಬಿಸ್ಕತ್ತು ಆರಿಸುತ್ತಲೇ ಇರುತ್ತಿದ್ದವು. ಅನ್ನ ಬಾಯಿಗೆ ಮಣ್ಣಾಯಿತು. ಒಂದು ದಿನ ಪುಟ್ಟಿ ನೀರಿನ ಲೋಟ ಕೆಡವಿದಳೆಂದು ಕೆನ್ನೆಗೆ ಬಾರಿಸಿ, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತಳು. ತಾನಿಲ್ಲದಿದ್ದರೆ ಅಪ್ಪ ಮಗಳು ನೆಮ್ಮದಿಯಾಗಿರುತ್ತಾರೆ ಎಂಬ ಯೋಚನೆ ಆಗಾಗ ಬಂದು ಹೋಗುತ್ತಿತ್ತು. ಯಾರಿಗೆ ಹೇಳುವುದು? ಎದುರುಮನೆಯ ಟೈಲರಮ್ಮನ ಹತ್ತಿರ ಬಾಯಿಬಿಟ್ಟದ್ದಕ್ಕೆ, ಕೈತುಂಬ ಕೆಲಸ, ಕೈಜೋಡಿಸುವ ಗಂಡ, ಇನ್ನೇನು ಬೇಕು ನಿನಗೆ ಎಂದು ಆಕೆ ಸೂಜಿಗೆ ದಾರ ಪೋಣಿಸುತ್ತಲೇ ಬಾಯಿ ಮುಚ್ಚಿಸಿದ್ದಳು.

ಆಮೇಲೆ ಆ ದಿನ ಬಂತು. ಗಂಡ ಎಂದಿನಂತೆ ಕೈ ತೂರಿಸಿದ, ಬೆಂಚಿನ ಮೇಲಿದ್ದಾಳೆ ಎಂದ. ಅವಳು ಹ್ಞೂಂ ಎಂದಳು, ಎದ್ದಳು, ಗೇಟು ದಾಟಿದಳು, ನೇರ ಮನೆಗೆ ಬಂದು ಚಪ್ಪಲಿ ಕಳಚದೆ ಚಾಪೆಯ ಮೇಲೆ ಉರುಳಿದಳು. ಎಷ್ಟೋ ದಿನಗಳಿಂದ ಬಾರದ ನಿದ್ದೆ ಅವತ್ತೇ ಬರಬೇಕೇ? ಸಂಜೆ ಟೈಲರಮ್ಮ ಬಾಗಿಲಲ್ಲಿ ನಿಂತು ಪುಟ್ಟಿ ಎಲ್ಲಿ ಎಂದು ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು. ಬೀದಿಯುದ್ದಕ್ಕೂ ಎದ್ದುಬಿದ್ದು ಓಡಿದಳು.

ಪುಟ್ಟಿ ಬೆಂಚಿನ ಮೇಲೆಯೇ ಇದ್ದಳು. ಲಂಗ ಒದ್ದೆಯಾಗಿತ್ತು, ಕಣ್ಣಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ತಾತ ಅವತ್ತು ರಜೆ ಹಾಕಿದ್ದ. ಬದಲಿಗೆ ಬಂದ ಕಾವಲುಗಾರ, ಮಗು ಎರಡನೇ ಪಾಳಿಯವರಿಗೆ ಕಾಯುತ್ತಿದೆ ಎಂದುಕೊಂಡೆ, ಗಲಾಟೆಯನ್ನೇ ಮಾಡಲಿಲ್ಲವಲ್ಲ ಎಂದ.

ಮರುದಿನದ ಹೊತ್ತಿಗೆ ಅಟ್ಟದಿಂದ ಇಳಿಸುವ ಕೆಲಸ ಮುಗಿದಿತ್ತು. ಹೊಗಳಿದ್ದ ಬಾಯಿಗಳೇ ಇವಳು ಹೆತ್ತವಳಾ ಎಂದು ನಾಲಿಗೆ ಹರಿಬಿಟ್ಟವು. ಗಂಡ ಬೈಯಲಿಲ್ಲ. ಸ್ವಲ್ಪ ಗಮನ ಇಟ್ಟುಕೊಂಡು ಇರು ಎಂದಷ್ಟೇ ಹೇಳಿದ. ಬೈದಿದ್ದರೇ ವಾಸಿಯಿತ್ತೆಂದು ಅವಳಿಗೆ ಅನ್ನಿಸಿತು.

ಎರಡು ದಿನ ಕಳೆದು ಬೆಲ್ಟಿನ ಮುಂದೆ ಅವಳ ಕೈಗಳು ನಿಂತುಬಿಟ್ಟವು. ಬೆಲ್ಟು ಓಡುತ್ತಿರುವುದು ಕಾಣುತ್ತಿತ್ತು, ಕೈ ಮಾತ್ರ ಏಳುತ್ತಿರಲಿಲ್ಲ. ಬಿಸ್ಕತ್ತು ನೆಲಕ್ಕೆ ಸುರಿಯಿತು. ಪಕ್ಕದವಳು ಆ ಜಾಗಕ್ಕೆ ಜಿಗಿದು ಕೈಹಾಕಿದಳು. ಮೇಸ್ತ್ರಿ ಬೈಯುತ್ತ ಅವಳನ್ನು ಕಾರ್ಖಾನೆಯ ಚಿಕಿತ್ಸಾ ಕೋಣೆಗೆ ಕಳಿಸಿದ.

ಅಲ್ಲಿನ ನರ್ಸಮ್ಮ ಬಿಪಿ ನೋಡಿ, ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು, ಬಾಗಿಲು ಹಾಕಿಕೊಂಡಳು. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ಎಂದು ಒಂದೊಂದಾಗಿ ಕೇಳಿದಳು. ಕೊನೆಗೆ ಸುತ್ತಿಬಳಸದೆ ಕೇಳಿದಳು.

'ಸತ್ತುಹೋದ್ರೆ ಸಾಕು ಅಂತ ಅನ್ಸತ್ತಾ?'

ಚುರುಕಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು. ಹಾಗೆ ಕೇಳಿದವರು ಅವಳ ಜೀವನದಲ್ಲಿ ಇನ್ನೊಬ್ಬರಿರಲಿಲ್ಲ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು, ಅದರ ಜೊತೆ ಏನೋ ಹಗುರವೂ ಆಯಿತು.

ಗಂಡ ಪಾಳಿಗೆ ಬಂದಾಗ ನರ್ಸಮ್ಮ ಅವನನ್ನು ಗೇಟಿನಿಂದಲೇ ಮಗುವಿನ ಸಮೇತ ಕರೆಸಿದಳು. ಇದು ಮನಸ್ಸಿನ ಕಾಯಿಲೆ, ದೊಡ್ಡಾಸ್ಪತ್ರೆಯ ಮನೋವೈದ್ಯರ ಹತ್ತಿರ ಇವತ್ತೇ ಕರೆದುಕೊಂಡು ಹೋಗಬೇಕು, ಒಬ್ಬಳನ್ನೇ ಬಿಡಬಾರದು ಎಂದಳು. ಅವನು ಮುಖ ಸಿಂಡರಿಸಿದ.

'ಅದು ತಲೆಕೆಟ್ಟೋರಿಗೆ, ಸಿಸ್ಟರ್. ಇವಳಿಗೆ ಕೈಕಾಲು ಗಟ್ಟಿಯಾಗೇ ಇದೆ. ಗಮನ ಇಲ್ಲ, ಅಷ್ಟೇ.'

'ಜ್ವರ ಬಂದೋರಿಗೂ ಗಮನ ಇಟ್ಟು ತಣ್ಣಗಾಗು ಅಂತೀರಾ? ಇವರು ಮಗೂನ ಮರೆತಿದ್ದು ಪ್ರೀತಿ ಇಲ್ದೆ ಅಲ್ಲಪ್ಪಾ. ನಿದ್ದೆ ಇಲ್ಲ, ಬಿಡುವಿಲ್ಲ, ಮಾತಾಡೋಕೆ ಜನ ಇಲ್ಲ. ಎಷ್ಟು ದಿನ ತಡ್ಕೊಳತ್ತೆ ತಲೆ?'

ನನಗೂ ಪಾಳಿ ಇದೆ, ನಾನೂ ಅಡುಗೆ ಮಾಡುತ್ತೇನೆ, ನನಗೇಕೆ ಬರಲಿಲ್ಲ ಈ ಕಾಯಿಲೆ ಎಂದು ಗಂಡ ವಾದಕ್ಕಿಳಿದ. ಎಲ್ಲರ ಮನಸ್ಸೂ ಒಂದೇ ಸಲ ಸೋಲುವುದಿಲ್ಲ, ನಾಳೆ ನಿನಗೂ ಬರಬಹುದು ಎಂದಳು ನರ್ಸಮ್ಮ. ಅವನು ಮಾತು ತಪ್ಪಿಸಲು ಮಗಳ ಕಡೆ ತಿರುಗಿದ. ಅವತ್ತು ಅಮ್ಮ ನಿನ್ನ ಮುಂದೇನೇ ಹೋದಳಲ್ಲ, ನೀನಾದರೂ ಕೂಗಬಾರದಿತ್ತೇ ಎಂದು ಕೇಳಿದ.

'ನೋಡ್ದೆ,' ಅಂದಳು ಪುಟ್ಟಿ. 'ಕರೆದ್ರೆ ಅಮ್ಮಂಗೆ ಸುಸ್ತಾಗತ್ತೆ. ನೀನೇ ಹೇಳಿದ್ದಲ್ವಾ, ಅಮ್ಮಂಗೆ ತೊಂದ್ರೆ ಕೊಡ್ಬೇಡ ಅಂತ.'

ಅಷ್ಟರಲ್ಲಿ ಪಾಳಿಯ ಗಂಟೆ ಹೊಡೆಯಿತು. ಹೆಂಡತಿಯ ಜಾಗದಲ್ಲಿ ಕೂತವಳು ಏಳಲಾಗದೆ ಅವನಿಗಾಗಿ ಕಾಯುತ್ತಿರುತ್ತಾಳೆ, ಅದು ಅವನಿಗೆ ಗೊತ್ತಿತ್ತು. ಅವನು ಬಾಗಿಲವರೆಗೆ ಹೋದ. ಹಿಡಿಕೆಯ ಮೇಲೆ ಕೈಯಿಟ್ಟವನು ತಿರುಗಿ ನೋಡಿದ. ಹೆಂಡತಿ ಅವನನ್ನು ನೋಡುತ್ತಿರಲಿಲ್ಲ, ಮಡಿಲಲ್ಲಿ ಬಿದ್ದಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು. ಮೇಸ್ತ್ರಿ ಹೊರಗಿನಿಂದ ಅವನ ಹೆಸರು ಹಿಡಿದು ಕೂಗತೊಡಗಿದ.

'ನಾನಿವತ್ತು ಬರಲ್ಲ,' ಎಂದ ಗಂಡ ಬಾಗಿಲು ತೆರೆದು. 'ಬೇರೆಯವರನ್ನ ಕೂರ್ಸಿ. ನನ್ನ ಹೆಂಡ್ತಿಗೆ ಹುಷಾರಿಲ್ಲ.'

ಅಲ್ಲಿಂದಾಚೆ ಎಲ್ಲವೂ ಸುಖವಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ವೈದ್ಯರು ಮಾತಾಡಿಸಿದರು, ಮಾತ್ರೆ ಕೊಟ್ಟರು, ನಿಧಾನವಾಗಿ ಗುಣವಾಗುತ್ತದೆ, ನಡುವೆ ಬಿಡಬೇಡಿ ಎಂದರು. ಇಬ್ಬರಿಗೂ ಒಂದೇ ಪಾಳಿ ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರು ಉಪಕಾರಸ್ಮರಣೆ ಇಲ್ಲದವರು ಎಂದು ಗೊಣಗಿದ. ನರ್ಸಮ್ಮ ಬೆನ್ನುಬಿಡದೆ ಕಾಡಿದ ಮೇಲೆ ಪಾಳಿ ಸಿಕ್ಕಿತು, ಆದರೆ ಅವಳನ್ನು ಬೆಲ್ಟಿನಿಂದ ತೆಗೆದು ಡಬ್ಬ ತೊಳೆಯುವಲ್ಲಿಗೆ ಹಾಕಿದರು. ಅಲ್ಲಿ ಸಂಬಳ ಕಡಿಮೆ. ಬೀದಿಯಲ್ಲಿ ಈಗಲೂ ಕೆಲವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಟೈಲರಮ್ಮ ಮಾತ್ರ ಒಂದು ದಿನ ತಾನಾಗಿ ಬಂದು, ಪುಟ್ಟಿ ಹಗಲು ನಮ್ಮನೆಯಲ್ಲಿರಲಿ ಎಂದಳು. ಕ್ಷಮೆ ಕೇಳಲಿಲ್ಲ. ಚುರುಕಮ್ಮ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಗಂಡ ಈಗ ಅಡುಗೆ ಮಾಡಿದರೆ ಹೆಂಡತಿಗೆ ಸಹಾಯ ಮಾಡಿದೆ ಎನ್ನುವುದಿಲ್ಲ, ಅಡುಗೆ ಮಾಡಿದೆ ಎನ್ನುತ್ತಾನೆ. ಮೂವರೂ ಒಟ್ಟಿಗೆ ಉಣ್ಣುತ್ತಾರೆ. ಅವಳಿಗೆ ನಿದ್ದೆ ಬರುತ್ತದೆ. ಸಾಯುವ ಯೋಚನೆ ಬಂದ ದಿನ ಬಂತು ಎಂದು ಬಾಯಿಬಿಟ್ಟು ಹೇಳುತ್ತಾಳೆ, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ಕೂರುತ್ತಾನೆ. ಪುಟ್ಟಿ ಮಾತ್ರ ಇನ್ನೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಬಿದ್ದು ಮೊಣಕಾಲು ತರಚಿದರೂ ಸುಮ್ಮನೆ ಕೂತು, ದೊಡ್ಡವರು ನೋಡಲಿ ಎಂದು ಕಾಯುತ್ತಾಳೆ. ಆ ಅಭ್ಯಾಸ ಬಿಡಿಸಲು ಅವಳ ಅಪ್ಪ ಅಮ್ಮನಿಗೆ ಇನ್ನೂ ಆಗಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ದುಡಿಮೆ ಮತ್ತು ಸಂಸಾರದ ನಡುವೆ ಒಬ್ಬರು ನಲುಗುತ್ತಿರಬಹುದು. ಅದು ನೀವೇ ಆಗಿರಬಹುದು. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಕಾರಣವಿಲ್ಲದೆ ಅಳು ಸಿಟ್ಟು ಬಂದರೆ, ಮರೆವು ಹೆಚ್ಚಾದರೆ, ಬದುಕೇ ಬೇಡವೆನಿಸಿದರೆ ಅದನ್ನು ಸೋಮಾರಿತನ ಎನ್ನಬೇಡಿ, ಹುಚ್ಚು ಎಂದೂ ಹೆದರಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ಒಬ್ಬರೇ ಹೋಗಲು ಆಗದಿದ್ದರೆ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮನೆಗೆಲಸವನ್ನು ಹಂಚಿಕೊಳ್ಳಿ, ಪಾಳಿ ಬದಲಿಸಿಕೊಡಿ ಎಂದು ಕೇಳಲು ನಾಚಬೇಡಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮವರ ಎದುರಿಗೆ ಕೂತು, ನಿದ್ದೆ ಬರ್ತಿದೆಯಾ ಎಂದು ಕೇಳಿ. ಏನಿಲ್ಲ ಎನ್ನುತ್ತಾರೆ. ಎದ್ದು ಹೋಗಬೇಡಿ, ಇನ್ನೊಂದು ಸಲ ಕೇಳಿ.