ಎರ್ಜಿಗಿತ್‌ನ ಕೊನೆಯ ಸ್ನಾನ

ಸತ್ತವನ ಸೋದರಮಾವ ತೆಮಿರ್ಖಾನ್ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡೇ ಬಂದಿದ್ದ. ಶವ ತೊಳೆಯುವ ಹಕ್ಕು ಅವನದು. ತೊಳೆದವರಿಗೆ ಸತ್ತವನ ಬಟ್ಟೆ ಸಲ್ಲುವುದು ಆ ಹುಲ್ಲುಗಾವಲಿನ ಕಜಾಕರ ಮರ್ಯಾದೆ. ಆದರೆ ಎರ್ಜಿಗಿತ್‌ನ ತಂದೆ ಒರ್ದಬೆಕ್ ಬಾಗಿಲಿಗೆ ಅಡ್ಡ ನಿಂತಿದ್ದ.

"ದಾರಿ ಬಿಡು ಭಾವ, ನೀರು ಕಾದಿದೆ."

"ಯಾರೂ ಮುಟ್ಟೋ ಹಾಗಿಲ್ಲ. ಉಣುಗಿನ ಜ್ವರ. ಸತ್ತ ಮೇಲೂ ರಕ್ತದಲ್ಲಿ ರೋಗ ಇರುತ್ತಂತೆ."

"ಉಣುಗು ನಮಗೇನು ಹೊಸದಾ? ಮಗನನ್ನ ಆಸ್ಪತ್ರೆಯ ಚೀಲಕ್ಕೆ ತುಂಬಿಸಿದೀಯಲ್ಲ, ಅವನೇನು ಆಲೂಗಡ್ಡೆನಾ?"

ಒರ್ದಬೆಕ್ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದ. ಕುರಿಯ ತುಪ್ಪಟ ಕತ್ತರಿಸುವಾಗ ಸಿಕ್ಕ, ರಕ್ತ ಹೀರಿ ಊದಿದ ಉಣುಗನ್ನು ಎರಡು ಹೆಬ್ಬೆರಳ ಉಗುರುಗಳ ನಡುವೆ ಚಟ್ಟನೆ ಹಿಸುಕುವುದು ಅಲ್ಲಿ ಎಲ್ಲರ ರೂಢಿ. ಎರ್ಜಿಗಿತ್ ಅದನ್ನೇ ಮಾಡಿದ್ದ. ಕೈ ಒರೆಸಿಕೊಂಡು ರೊಟ್ಟಿ ಮುರಿದಿದ್ದ. ಕೆಲವೇ ದಿನಗಳಲ್ಲಿ ಜ್ವರ ಏರಿತ್ತು. ವಸಂತದಲ್ಲಿ ಔಷಧ ಸಿಂಪಡಿಸಲು ಬಂದ ಅಧಿಕಾರಿ ಹೆದ್ದಾರಿಯ ಪಕ್ಕದ ಹಿಂಡುಗಳಿಗೆ ಮಾತ್ರ ಸಿಂಪಡಿಸಿ, ಬೇಯಿಸಿದ ಮಾಂಸ ತಿಂದು, ಔಷಧ ಮುಗಿಯಿತೆಂದು ಹೊರಟುಹೋಗಿದ್ದ. ಆ ಮನುಷ್ಯನ ಕೊಬ್ಬು ಮೆತ್ತಿದ ತುಟಿ ಒರ್ದಬೆಕ್‌ನ ಕಣ್ಣ ಮುಂದಿನಿಂದ ಸರಿಯುತ್ತಲೇ ಇರಲಿಲ್ಲ. ನಮಾಜಿನಲ್ಲೂ ಸರಿಯುತ್ತಿರಲಿಲ್ಲ.

"ಕಳ್ಳನಿಗೂ ಕೊನೇಲಿ ನೀರು ಸಿಗುತ್ತೆ," ಎಂದ ತೆಮಿರ್ಖಾನ್. "ನನ್ನಕ್ಕ ಬದುಕಿದ್ದಿದ್ರೆ ನಿನ್ನ ಗಡ್ಡ ಹಿಡಿದು ಎಳೀತಿದ್ಲು."

"ಎಳೀಲಿ. ಮಗನ ಮೂಗಿನ ರಕ್ತ ಒರೆಸಿದ್ದು ಸೊಸೆ ಅಕ್ಮರಾಲ್. ಈಗ ಅವಳೂ ಆಸ್ಪತ್ರೇಲಿ ಗಾಜಿನ ಹಿಂದೆ ಮಲಗಿದಾಳೆ. ಇನ್ನೆಷ್ಟು ಜನ ಬೇಕು ನಿಮ್ಮ ಮರ್ಯಾದೆಗೆ?"

ತೆಮಿರ್ಖಾನ್ ಅವನನ್ನು ಭುಜದಿಂದ ತಳ್ಳಿದ. ಒರ್ದಬೆಕ್ ಒಲೆಯ ಮೇಲಿದ್ದ ಕಡಾಯಿಯನ್ನು ಕಾಲಿನಿಂದ ಒದ್ದ. ಬಿಸಿನೀರು ಅಂಗಳದ ಮಣ್ಣಿಗೆ ಹರಿಯಿತು. ನೆರೆದ ಜನ ಹಿಂದೆ ಸರಿದರು. ಮಗನ ಮೇಲಂಗಿ, ಟೋಪಿ, ಬೂಟುಗಳನ್ನು ಕೋಲಿನಿಂದ ಎತ್ತಿ ಅವನು ಆ ಬೆಂಕಿಗೇ ಹಾಕಿದ.

"ಯಾರಿಗೂ ಬಟ್ಟೆ ಇಲ್ಲ," ಎಂದ.

ಆಮೇಲೆ ಆಸ್ಪತ್ರೆಯಿಂದ ಬಂದ, ಬಿಳಿ ಉಡುಪಿನಲ್ಲಿ ಬೆವರುತ್ತಿದ್ದ ಆಳಿನ ಕಡೆ ತಿರುಗಿದ. "ತಮ್ಮಾ, ನೀನು ಮುಸಲ್ಮಾನನಾ?"

"ಹೌದು ತಾತ."

"ನೀರಿಲ್ಲದ ಕಡೆ ಮಣ್ಣು ಸಾಕು ಅಂತ ಅಲ್ಲಾಹನೇ ಸಡಿಲಿಕೆ ಕೊಟ್ಟಿದಾನೆ. ಒಣ ಮಣ್ಣಿಗೆ ಅಂಗೈ ತಟ್ಟು. ಮುಖ ಇರೋ ಕಡೆ ಸವರು, ಆಮೇಲೆ ಕೈಗಳ ಕಡೆ. ಚೀಲದ ಮೇಲಿಂದಲೇ. ಮೆಲ್ಲಗೆ."

ಆಳು ಕೈಗವಸಿನಲ್ಲೇ ಹಾಗೆ ಮಾಡಿದ. ಮುಟ್ಟಲಾಗದ ತಂದೆ ದೂರ ನಿಂತು ಬಿಸ್ಮಿಲ್ಲಾ ಹೇಳಿದ. ಅವನ ದನಿ ಗಡುಸಾಗಿತ್ತು.

ಸತ್ತವನಿಗಾಗಿ ಮಾಡುವ ಜನಾಜಾ ನಮಾಜಿಗೆ ಸಾಲು ನಿಂತಾಗ ತೆಮಿರ್ಖಾನ್ ಕುದುರೆಯ ಕಡೆ ಹೊರಟಿದ್ದ.

"ಬಂದು ನಿಲ್ಲೋ," ಎಂದು ಒರ್ದಬೆಕ್ ಗದರಿದ. "ಸಾಯೋವರೆಗೂ ನನ್ನ ಜೊತೆ ಮಾತಾಡಬೇಡ, ಬೈದುಕೋ. ಬದುಕಿದ್ದು ಬೈದುಕೋ. ಇನ್ನೊಂದು ಗೋರಿ ತೋಡೋ ಶಕ್ತಿ ನನಗಿಲ್ಲ."

ತೆಮಿರ್ಖಾನ್ ತಿರುಗಿ ಬಂದು ಸಾಲಿನ ತುದಿಯಲ್ಲಿ ನಿಂತ. ಭಾವನ ಮುಖ ನೋಡಲಿಲ್ಲ. ಒರ್ದಬೆಕ್ ಕಿವಿಯವರೆಗೆ ಕೈ ಎತ್ತಿದ. "ಅಲ್ಲಾಹು ಅಕ್ಬರ್," ಎಂದ, ಇನ್ನೂ ಯಾರನ್ನೋ ಗದರುವಂತೆ.