ಇಬ್ಬರಿಗೂ ಒಂದೇ ಗಾತ್ರದ ತೆಂಗಿನಕಾಯಿ

ಪಟ್ಟದ ರಾಜನ ಪೇಟ ಸ್ವಲ್ಪ ಎಡಕ್ಕೆ ವಾಲಿದೆ, ಸರಿ ಮಾಡಬೇಕು, ಆದರೆ ಬೊಂಬೆಗಳ ಕಡೆ ತಿರುಗಿದರೆ ಇವರಿಬ್ಬರು ಕಣ್ತಪ್ಪುತ್ತಾರೆ — ಸೋಫಾದ ಈ ತುದಿಗೆ ಅಮಲ್, ಆ ತುದಿಗೆ ಹನಾನ್, ನಡುವೆ ಒಬ್ಬರು ಕೂರುವಷ್ಟು ಜಾಗ, ಅಲ್ಲಿ ಯಾರೂ ಕೂರುತ್ತಿಲ್ಲ, ಶಾಂತಾ ಆಂಟಿ ಕೂಡ ಮಂಡಿನೋವು ಅಂತ ಊಟದ ಮೇಜಿನ ಕುರ್ಚಿ ಎಳೆದುಕೊಂಡರು. ಒಂದೇ ದೇಶದವರು, ಒಂದೇ ಭಾಷೆ, ಅಮ್ಮಾ ದೇ ಆರ್ ಫ್ರೆಂಡ್ಸ್, ನೋ? ಅಂತ ಮೇಧಾ ಕೇಳುತ್ತಾಳೆ, ಹೋಗಿ ನೀರು ತಾ ಅನ್ನುತ್ತೇನೆ. ಅಮಲ್ ಕೆಳಗಿನ ಮನೆಯವಳು, ಅವಳ ದೇಶದಲ್ಲಿ ಯುದ್ಧ ಶುರುವಾದಾಗ ಉಟ್ಟ ಬಟ್ಟೆಯಲ್ಲಿ ಇಲ್ಲಿಗೆ ಓಡಿಬಂದವಳು, ಮೇಧಾಳಿಗೆ ಡೆಂಗೆ ಆದಾಗ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತವಳು, ಅವಳ ತಂಗಿ ಇನ್ನೂ ಮುತ್ತಿಗೆ ಬಿದ್ದ ಊರಿನಲ್ಲೇ ಇದ್ದಾಳೆ. ಹನಾನ್‌ಳ ಗಂಡ ಆ ಮುತ್ತಿಗೆ ಹಾಕಿದವರ ವಕ್ತಾರ, ಇದೇ ಊರಿನ ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲಿನಲ್ಲಿ ಅವರ ಸಭೆ, ಮತ್ತೆ ನನ್ನ ಗಂಡ ಪ್ರಕಾಶ್ ಕೆಲಸ ಮಾಡುವ ಸರಕು ಸಾಗಣೆ ಕಂಪನಿಯ ಗಿರಾಕಿ. ಕರೀಲೇಬೇಕು ಕಣೇ ಇಂದು, ಅವ್ರ ವೈಫ್ ಬೊಂಬೆ ನೋಡ್ಬೇಕಂತೆ, ಅಂದ ಪ್ರಕಾಶ್. ಅಮಲ್ ಬರ್ತಾಳಲ್ರೀ ಅಂದೆ. ಬರ್ಲಿ, ನಮಗೇನು, ನಾವು ಯಾರ ಕಡೆನೂ ಅಲ್ಲ. ಟಿವಿಯಲ್ಲಿ ಇಲ್ಲಿನ ಸಚಿವರೂ ಅದನ್ನೇ ಹೇಳಿದರು, ಈ ದೇಶ ಎಲ್ಲರಿಗೂ ಬಾಗಿಲು ತೆರೆದಿದೆ, ಯಾರ ಪರವೂ ಅಲ್ಲ. ಸಚಿವರ ಮೇಜಿನ ಮೇಲೆ ಎರಡು ಬಾವುಟ, ಒಂದೇ ಎತ್ತರ. ಇನ್ನೂ ಚಿಕ್ಕ ದೇಶ ಕಣೇ, ಅಂದ ಪ್ರಕಾಶ್, ರಸ್ತೆ ಒಬ್ರು ಹಾಕ್ತಾರೆ, ಎಣ್ಣೆ ಇನ್ನೊಬ್ರು ಕೊಡ್ತಾರೆ, ಯಾರನ್ನ ಎದುರು ಹಾಕ್ಕೊಳ್ಳತ್ತೆ ಹೇಳು — ನನಗೆ ಅದು ಅರ್ಥವಾಗುತ್ತದೆ, ನಮ್ಮದೂ ಅದೇ ತಾನೆ, ವರ್ಕ್ ಪರ್ಮಿಟ್ಟಿನ ಮೇಲೆ ನಿಂತ ಸಂಸಾರ, ಬಂದ ದಿನದಿಂದ ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಇಲ್ಲಿನವರ ಹಾಗೆ ಸವಾ ಸವಾ, ಸರಿ ಸರಿ ಎನ್ನುತ್ತಾ ಬದುಕಿದವರು. ಪಾರ್ಕ್‌ಲ್ಯಾಂಡ್ಸ್ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿಗಳನ್ನು ಎರಡು ಕೈಯಲ್ಲಿ ತೂಗಿ ತೂಗಿ ಆರಿಸಿದೆ, ಒಂದೇ ಗಾತ್ರ, ಇಬ್ಬರಿಗೂ ಅದೇ ಹಸಿರು ಬ್ಲೌಸ್ ಪೀಸು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಅಷ್ಟು ಮಾಡಿದರೆ ಸಾಕು ಅಂದುಕೊಂಡೆ, ಎಂಥ ಜಾಣೆ.

ನಿನ್ನೆ ಮೆಟ್ಟಿಲ ಮೇಲೆ ಅಮಲ್ ನನ್ನ ತೋಳು ಹಿಡಿದಳು, ಇಂದು, ನಿನ್ನ ಗಂಡನನ್ನು ಒಂದೇ ಒಂದು ಕೇಳು, ಎಂಬಕಸಿ ವಿಮಾನ ನಿಲ್ದಾಣದಿಂದ ಹೋಗುವ ಮುತ್ತಿಗೆಯವರ ಆ ಪೆಟ್ಟಿಗೆಗಳು ನನ್ನ ತಂಗಿಯ ಊರಿನ ಹೊರಗಿರುವ ಆ ವಿಮಾನಪಟ್ಟಿಗೆ ಹೋಗುತ್ತವಾ, ಹೌದಾದರೆ ದಾಳಿ ಹತ್ತಿರ ಬಂತು ಅಂತ ಅರ್ಥ, ಅವಳನ್ನು ಇವತ್ತೇ ಹೊರಡಿಸುತ್ತೇನೆ, ಅಲ್ಲದಿದ್ದರೆ ದಾರಿಗಿಂತ ಮನೆಯೇ ಮೇಲು. ಕೇಳಿದೆ. ಲೋಡಿಂಗ್ ಪೇಪರಲ್ಲಿ ಔಷಧಿ ಅಂತಿದೆ, ಡಬ್ಬ ಲೋಡ್ ಮಾಡೋದಷ್ಟೇ ನಮ್ಮ ಕೆಲ್ಸ, ಅಂದ ಪ್ರಕಾಶ್, ಎಲ್ಲಿಗೆ ರೀ ಅಂದೆ, ತಟ್ಟೆಯಲ್ಲಿ ಮೊಸರನ್ನ ಕಲೆಸುತ್ತಲೇ ಇದ್ದ, ಆಮೇಲೆ ಮೆಲ್ಲಗೆ, ಅಲ್ಲಿಗೇ, ಆದ್ರೆ ನೀನು ಕೇಳಿಲ್ಲ, ನಾನು ಹೇಳಿಲ್ಲ, ಮೇಧಾ ಸ್ಕೂಲು ನೆನಪಿರ್ಲಿ. ಬೆಳಗ್ಗೆ ಅಮಲ್‌ಳ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಮೇಲೆ ಬಂದು ಕಡಲೆ ಬೇಯಿಸಿದೆ.

ಈಗ ಕುಂಕುಮದ ತಟ್ಟೆ ಕೈಯಲ್ಲಿ, ಹಿರಿಯರಿಂದ ಶುರು, ಶಾಂತಾ ಆಂಟಿಗೆ ಇಟ್ಟೆ, ತಿರುಗಿದೆ, ಅಮಲ್ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಕೇಳಿದೆಯಾ ಅವನನ್ನ? ಹನಾನ್ ತಲೆ ಎತ್ತಿದಳು, ಏನನ್ನ, ಅಂತ ನಗುತ್ತಾ. ಹೌದು ಎನ್ನುವುದಕ್ಕೆ ಒಂದು ಉಸಿರು ಸಾಕು, ಒಬ್ಬಳು ಹುಡುಗಿ ಒಂದು ಊರು ಬಿಟ್ಟು ಹೊರಡುತ್ತಾಳೆ — ಮೊದಲು ಉಸಲಿ ತಗೊಳ್ಳಿ, ಆರಿಹೋಗುತ್ತೆ, ಎಂದೆ. ನಾನೇ ಎಂದೆ. ಎಷ್ಟು ಇಂಪಾಗಿ ಎಂದೆ. ಹನಾನ್ ಅಂಗೈ ಚಾಚಿದಳು, ಹಣೆಗೆ ಬೇಡ, ಇಲ್ಲಿ, ಅಂದಳು, ಇಟ್ಟೆ, ಕೆಂಪು ಚುಕ್ಕೆ, ಬ್ಯೂಟಿಫುಲ್ ಅಂದಳು. ಆಮೇಲೆ ಅಮಲ್. ಹೋದ ವರ್ಷ ಕಿಲಕಿಲ ನಗುತ್ತಾ ಎರಡೂ ಅಂಗೈ ಒಡ್ಡಿದ್ದಳು. ಈಗ ತೊಡೆಯ ಮೇಲೆ ಮುಷ್ಟಿ, ಹೆಬ್ಬೆರಳು ಒಳಗೆ, ಹಸುಗೂಸಿನ ಮುಷ್ಟಿಯ ಹಾಗೆ. ಅಮಲ್, ಎಂದೆ. ಮುಷ್ಟಿ. ಏನಮ್ಮಾ ಇಂದು, ನಿಂತ್ಬಿಟ್ಟೆ, ಕೊಡು ಕೊಡು, ಅಂದರು ಶಾಂತಾ ಆಂಟಿ. ನನ್ನ ಬೆರಳ ತುದಿ ಕೆಂಪಗೆ, ಅರ್ಧ ದಾರಿಯಲ್ಲಿ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಪೆಟ್ಟಿಗೆಗಳು ಅಲ್ಲಿಗೇ ಅಂತ ಅವಳಿಗೆ ಗೊತ್ತಾಗಿದೆ, ನಾನು ಹೇಳದೆಯೇ ಗೊತ್ತಾಗಿದೆ, ಇಷ್ಟು ತಡವಾಗಿ — ಕೆಂಪು ಬೆರಳು, ಅದರ ಕೆಳಗೆ ಮುಷ್ಟಿ, ಗೆಣ್ಣುಗಳು ಬೆಳ್ಳಗೆ, ಮುಷ್ಟಿ