ತಗಡಿನೊಳಗಿನ ಕಾಶವ್ವ

ನಮ್ಮಕ್ಕ ಕಾಶವ್ವನ ಒಂದು ಫೋಟೋ ಕೂಡ ಇಲ್ಲ. ಸಣ್ಣ ವಯಸ್ಸಿಗೇ ಕಾಮಾಲೆಯಾಗಿ ಸತ್ತಳು. "ಮೊಂಡಮೂಗಿ" ಅಂತ ಅವಳು ನನ್ನನ್ನು ಬೈಯುತ್ತಿದ್ದದ್ದು ನೆನಪಿದೆ, ಮುಖ ಮಾತ್ರ ಮರೆತೇಹೋಗಿದೆ. ತಮ್ಮ ದೇವೇಂದ್ರಪ್ಪನಿಗೆ ನೆನಪಿತ್ತು.

ಅವನ ಡಾಟ್‌ಕಾಮ್ ಕಂಪನಿ ಮುಚ್ಚಿದ ವರ್ಷ ನಾನು ಅಮೆರಿಕದ ಮೌಂಟನ್ ವ್ಯೂನಲ್ಲಿ ಅವನ ಜೊತೆಗಿದ್ದೆ. ಅವನು ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿಗೆ ಹೋಗಿ ಒಂದೇ ಚಿತ್ರದ ಮುಂದೆ ಕೂರುತ್ತಿದ್ದ. ಹತ್ತೊಂಬತ್ತನೇ ಶತಮಾನದ ಯಾವನೋ ಫ್ರೆಂಚ್ ಚಿತ್ರಕಾರ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಹುಡುಗಿ. ಕಣ್ಣಿಗೆ, ಜಡೆಗೆ ಆಸಿಡ್ ತಿಂದ ಆಳದ ಗೆರೆ. ಕೆನ್ನೆಗೆ, ತುಟಿಗೆ ಬರೀ ಸೂಜಿಯ ಗೀರು. ಸೂಜಿ ಎಬ್ಬಿಸಿದ ತಾಮ್ರದ ನವಿರಾದ ಸಿಬಿರಿಗೆ ಮಸಿ ಹಿಡಿದು ಕೆನ್ನೆ ಉಸಿರಾಡಿದ ಹಾಗಿರುತ್ತದಂತೆ. ಕಾಶವ್ವನನ್ನೂ ಹಾಗೇ ಕೊರೆಯುತ್ತೇನೆ ಎಂದ.

"ಮೊದಲ ನೌಕರಿ ಹುಡುಕೋ, ಮೂಳ!" ಎಂದೆ.

ಆದರೆ ರೊಟ್ಟಿ ಬಡಿಯುವಾಗ ಅವನ ಸೂಜಿಯ ಸದ್ದು ಕೇಳಿದರೆ ಬಡಿಯುವುದನ್ನು ನಿಲ್ಲಿಸುತ್ತಿದ್ದೆ. ಯಾರೋ ಒಳಗಿನಿಂದ ಬಾಗಿಲು ಕೆರೆದ ಹಾಗೆ.

ಕೊರೆದು ಮುಗಿಸಿ ಅವನು ಮಸಿ ತರಲು ಹೋದ. ನಾನು ತಗಡು ಎತ್ತಿ ನೋಡಿದೆ. ಬರೀ ಮಬ್ಬು, ಕಪ್ಪು. ಅಕ್ಕನ ಮುಖ ನೋಡಬೇಕಿತ್ತು ನನಗೆ. ದೇವರ ತಂಬಿಗೆಯ ಜೊತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಚ್ಚಿ ಗಸಗಸ ತಿಕ್ಕಿದೆ.

ಬಂದವನು ನಿಂತಲ್ಲೇ ನಿಂತ. "ಅಕ್ಕಾ, ಏನ ಮಾಡಿದಿ ಇದು?"

"ತಾಮ್ರ ತಿಕ್ಕದ ಪೂಜಿ ಮಾಡ್ತಾರೇನು? ಕಿಲುಬಿನಾಗ ಆಕಿ ಮುಖನ ಕಾಣವಲ್ದಾಗಿತ್ತು!"

"ಅದು ಕಿಲುಬಲ್ಲ, ಸೂಜಿ ಎಬ್ಬಿಸಿದ ಸಿಬಿರು. ಅದ ಆಕಿ ಮುಖ."

ಅಚ್ಚು ತೆಗೆದು ತಂದ. ಬಿಳಿ ಕಾಗದದಲ್ಲಿ ಎರಡು ಕಣ್ಣು, ಒಂದು ಜಡೆ. ನಡುವೆ ಏನೂ ಇಲ್ಲ.

"ಮತ್ತ ಕೊರಿಯೋ," ಎಂದೆ.

"ಒಂದ ಸಲ ನೆನಪಿತ್ತು, ಕೈಯಿಂದ ತಗಡಿಗೆ ಇಳದು ಹೋತು. ಈಗ ಕಣ್ಣ ಮುಚ್ಚಿದರ ನಿನ್ನ ಮುಖನ ಬರ್ತದ."

ಸಿಟ್ಟು ಬಂತು. ಅವನ ಮೇಲೋ, ನನ್ನ ಮೇಲೋ. ತಗಡನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಾಯಿಗೆ ಬಂದ ಹಾಗೆ ಬೈದೆ. ಕನ್ನಡಿಯ ಹಾಗೆ ಹೊಳೆಯುವ ತಾಮ್ರದಲ್ಲಿ ನನ್ನ ಕೆನ್ನೆ, ನನ್ನ ಮೊಂಡಮೂಗು. ಮೇಲೆ ಅವಳ ಕಣ್ಣು, ಪಕ್ಕಕ್ಕೆ ಅವಳ ಜಡೆ. ನನ್ನಷ್ಟೇ ವಯಸ್ಸಾದ ಕಾಶವ್ವ.

ನಾನು ಬಾಯಿ ಮುಚ್ಚಿದೆ.

ತಗಡಿನಲ್ಲಿ ತುಟಿ ಇನ್ನೂ ಅಲುಗಾಡುತ್ತಿತ್ತು. ಏನು ಬೈಯುತ್ತಿದ್ದಾಳೆಂದು ನನಗೆ ಗೊತ್ತಾಯಿತು.